ಪ್ರಯೋಗಕ್ಕೆ ಬೇಡವಾದವರು, ಮಾತ್ರೆಗೆ ಬೇಕಾದವರು

ಹೊಸ ಔಷಧವನ್ನೋ ಚಿಕಿತ್ಸೆಯನ್ನೋ ಪರೀಕ್ಷಿಸುವ ಅಧ್ಯಯನಗಳ ವರದಿಯಲ್ಲಿ, ಯಾರನ್ನು ಸೇರಿಸಿಕೊಂಡೆವು, ಯಾರನ್ನು ಬಿಟ್ಟೆವು ಎಂದು ಹೇಳುವ ಒಂದು ಪ್ಯಾರಾ ಇರುತ್ತದೆ. ಓದುವವರು ಸಾಮಾನ್ಯವಾಗಿ ಹಾರಿಸಿಕೊಂಡು ಹೋಗುವ ಪ್ಯಾರಾ ಅದು. ಬೌದ್ಧಿಕ ಅಂಗವೈಕಲ್ಯ (ಹಿಂದೆ ಬುದ್ಧಿಮಾಂದ್ಯತೆ ಎನ್ನುತ್ತಿದ್ದುದು) ಇರುವವರನ್ನು ಕೈಬಿಟ್ಟ ಮಾತು ಎಷ್ಟೋ ಸಲ ಅಲ್ಲೇ ಕುಳಿತಿರುತ್ತದೆ. ಹಾಗೆಂದು ಬರೆಯದಿದ್ದಾಗ ಉದ್ದುದ್ದ ಪ್ರಶ್ನಾವಳಿಗಳೂ ಸಮ್ಮತಿ ಪತ್ರದ ಭಾಷೆಯೂ ಸೇರಿ ಅದೇ ಕೆಲಸ ಮಾಡಿ ಮುಗಿಸುತ್ತವೆ. ಕೆನಡಾದ ಮಾರಿಸ್ ಫೆಲ್ಡ್‌ಮನ್ ಮತ್ತು ಸಂಗಡಿಗರು ಪ್ರಕಟವಾದ 300 ವೈದ್ಯಕೀಯ ಪ್ರಯೋಗಗಳನ್ನು ಈ ಕಣ್ಣಿನಿಂದ ಜಾಲಾಡಿ 2014ರಲ್ಲಿ ಫಲಿತಾಂಶ ಮುಂದಿಟ್ಟರು. ಬೌದ್ಧಿಕ ಅಂಗವೈಕಲ್ಯ ಇರುವವರು ಸ್ಪಷ್ಟವಾಗಿ ಪಾಲ್ಗೊಂಡಿದ್ದ ಪ್ರಯೋಗಗಳು ಆರೇ ಆರು, ಅಂದರೆ 2%. ಶೇಕಡಾ 90ಕ್ಕೂ ಹೆಚ್ಚು ಪ್ರಯೋಗಗಳನ್ನು ರೂಪಿಸಿದ ರೀತಿಯೇ ಅವರನ್ನು ಬಾಗಿಲಲ್ಲೇ ನಿಲ್ಲಿಸುವಂತಿತ್ತು. ಸಣ್ಣಪುಟ್ಟ ಬದಲಾವಣೆ ಮಾಡಿಕೊಂಡಿದ್ದರೆ ಬಹುಪಾಲು ಪ್ರಯೋಗಗಳಲ್ಲಿ ಅವರಿಗೂ ಜಾಗ ಸಿಗುತ್ತಿತ್ತು ಎಂಬುದು ಅದೇ ತಂಡದ ಲೆಕ್ಕ.

ಹೀಗೆ ಪರೀಕ್ಷೆಯಿಂದ ಹೊರಗುಳಿದವರಿಗೆ ಮಾತ್ರೆಗಳೂ ತಲುಪುವುದಿಲ್ಲವೇನೋ ಅಂದುಕೊಂಡರೆ ತಪ್ಪಾಗುತ್ತದೆ. ಧಾರಾಳವಾಗಿ ತಲುಪುತ್ತವೆ. ಬ್ರಿಟನ್ನಿನಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವ 33,016 ವಯಸ್ಕರ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಅವರಲ್ಲಿ ಸೈಕೋಸಿಸ್ (ಭ್ರಮೆ ಕಾಡುವ, ವಾಸ್ತವದ ಹಿಡಿತ ತಪ್ಪುವ ಸ್ಥಿತಿ) ವಿರೋಧಿ ಔಷಧ ಪಡೆದ 9,135 ಮಂದಿಯ ಪೈಕಿ 71% ಜನರ ದಾಖಲೆಯಲ್ಲಿ ತೀವ್ರ ಮಾನಸಿಕ ಕಾಯಿಲೆಯ ಉಲ್ಲೇಖವೇ ಇರಲಿಲ್ಲ. ಹಾಗಿದ್ದರೆ ಯಾವುದಕ್ಕೆ ಕೊಟ್ಟರು? ಕೂಗಾಡುವುದು, ಹೊಡೆಯುವುದು, ತನ್ನನ್ನೇ ತಾನು ಕಚ್ಚಿಕೊಳ್ಳುವುದು ಇಂಥ ನಡವಳಿಕೆ ದಾಖಲಾಗಿದ್ದವರಿಗೆ ಈ ಔಷಧಗಳು ಸಿಗುವ ಸಂಭವ ಹೆಚ್ಚಿತ್ತು.

ಆ ನಡವಳಿಕೆಗೆ ಈ ಮಾತ್ರೆ ಕೆಲಸ ಮಾಡುತ್ತದೆಯೇ ಎಂದು ನೇರವಾಗಿ ಪರೀಕ್ಷಿಸಿದ ಪ್ರಯೋಗಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹೆಸರಾದದ್ದು ಪೀಟರ್ ಟೈರರ್ ಮತ್ತಿತರರು ನಡೆಸಿ 2008ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ಪ್ರಯೋಗ. ಬೌದ್ಧಿಕ ಅಂಗವೈಕಲ್ಯದ ಜೊತೆ ಆಕ್ರಮಣಕಾರಿ ನಡವಳಿಕೆ ಇದ್ದ 86 ವಯಸ್ಕರನ್ನು ಮೂರು ಗುಂಪು ಮಾಡಿ ಒಂದಕ್ಕೆ ರಿಸ್ಪೆರಿಡೋನ್, ಒಂದಕ್ಕೆ ಹ್ಯಾಲೊಪೆರಿಡಾಲ್ (ಎರಡೂ ಸೈಕೋಸಿಸ್ ವಿರೋಧಿ ಔಷಧಗಳು), ಇನ್ನೊಂದಕ್ಕೆ ಔಷಧವೇ ಇಲ್ಲದ ಖಾಲಿ ಮಾತ್ರೆ ಕೊಟ್ಟರು. ನಾಲ್ಕು ವಾರದ ಹೊತ್ತಿಗೆ ಮೂರೂ ಗುಂಪುಗಳಲ್ಲಿ ಆಕ್ರಮಣ ಇಳಿದಿತ್ತು. ಅತಿ ಹೆಚ್ಚು ಇಳಿದದ್ದು ಖಾಲಿ ಮಾತ್ರೆಯ ಗುಂಪಿನಲ್ಲಿ, 79%. ಯಾರೋ ಬಂದು ವಿಚಾರಿಸಿದ್ದು, ಗಮನ ಕೊಟ್ಟದ್ದು, ಮನೆಯವರಿಗೂ ಒಂದಿಷ್ಟು ಧೈರ್ಯ ಬಂದದ್ದು ಇವೆಲ್ಲ ಅದರೊಳಗೆ ಸೇರಿರಬಹುದು. ಪ್ರಯೋಗ ಚಿಕ್ಕದು, ಅದೊಂದನ್ನೇ ಹಿಡಿದುಕೊಂಡು ಮಾತ್ರೆಗಳೆಲ್ಲ ವ್ಯರ್ಥ ಎನ್ನಲಾಗದು. ಆದರೆ ಇಷ್ಟು ವರ್ಷಗಳಿಂದ ಇಷ್ಟು ಜನರಿಗೆ ಕೊಡುತ್ತಿರುವ ಔಷಧದ ಬಗ್ಗೆ ಇರುವ ಆಧಾರ ಇಷ್ಟು ತೆಳ್ಳಗಿದೆ ಎಂಬುದು ಅದರಿಂದ ಬಯಲಾಯಿತು. 2016ರಲ್ಲಿ ಇಂಗ್ಲೆಂಡಿನ ಆರೋಗ್ಯ ಸೇವೆ ಈ ಮಾತ್ರೆಗಳ ಅತಿ ಬಳಕೆ ನಿಲ್ಲಿಸಲು ‘ಸ್ಟಾಂಪ್’ ಎಂಬ ಅಭಿಯಾನವನ್ನೇ ಶುರುಮಾಡಬೇಕಾಯಿತು.

ದುರ್ಬಲರನ್ನು ಪ್ರಯೋಗದಿಂದ ದೂರವಿಟ್ಟು ಕಾಪಾಡುತ್ತಿದ್ದೇವೆ ಎಂದು ಸಂಶೋಧಕರೂ ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಗಳೂ ನಂಬಿವೆ. ನನಗೆ ಕಾಣುವ ಮಟ್ಟಿಗೆ, ಆ ದೂರವೇ ಅವರನ್ನು ಇನ್ನೊಂದು ಬಗೆಯ ಪ್ರಯೋಗಕ್ಕೆ ದೂಡಿದೆ. ಅಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲ, ಲೆಕ್ಕ ಇಡುವವರಿಲ್ಲ, ಮುಗಿಯುವ ದಿನಾಂಕವೂ ಇಲ್ಲ.

ಬೆಂಗಳೂರಿನಲ್ಲಿ ಏನಿದೆ, ಏನಿಲ್ಲ

ಬೌದ್ಧಿಕ ಅಂಗವೈಕಲ್ಯ ಇರುವವರ ಮಾನಸಿಕ ಆರೋಗ್ಯದ ಸಂಶೋಧನೆಗೆ ಬೆಂಗಳೂರಿಗಿಂತ ಒಳ್ಳೆಯ ಜಾಗ ದೇಶದಲ್ಲಿ ಸಿಗುವುದು ಕಷ್ಟ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ, 1974ರಲ್ಲಿ ನಿಮ್ಹಾನ್ಸ್ ಆಗಿ ಬೆಳೆದ ಸಂಸ್ಥೆ ಹೊಸೂರು ರಸ್ತೆಯಲ್ಲಿದೆ. ಮಕ್ಕಳ ಮನೋವೈದ್ಯಕೀಯಕ್ಕೆ ಅಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ) 1959ರಿಂದ ಅಂಗವಿಕಲರ ನಡುವೆ ಕೆಲಸ ಮಾಡುತ್ತಿದೆ. ಇಂದಿರಾನಗರದಲ್ಲಿ ಸ್ಪ್ಯಾಸ್ಟಿಕ್ಸ್ ಸೊಸೈಟಿ ಇದೆ. ವಿಶೇಷ ಶಾಲೆಗಳು, ಕಾಗದದ ಚೀಲ, ಮೇಣದಬತ್ತಿ, ದೀಪಾವಳಿ ಹಣತೆ ಮಾಡುವ ತರಬೇತಿ ಕೇಂದ್ರಗಳು, ತಂದೆ ತಾಯಂದಿರೇ ಕಟ್ಟಿಕೊಂಡ ಸಂಘಗಳು ನಗರದ ಬಹುತೇಕ ಎಲ್ಲ ದಿಕ್ಕಿನಲ್ಲೂ ಸಿಗುತ್ತವೆ. ಮನಸ್ಸಿನ ತಜ್ಞರು ಒಂದು ಕಡೆ, ಈ ಜನರನ್ನು ದಿನವೂ ಕಾಣುವವರು ಇನ್ನೊಂದು ಕಡೆ, ನಡುವೆ ಕೆಲವು ಬಸ್ ಸ್ಟಾಪುಗಳ ದೂರ.

ಆದರೂ ಇಲ್ಲಿ ಬೌದ್ಧಿಕ ಅಂಗವೈಕಲ್ಯದ ಸಂಶೋಧನೆಯೆಂದರೆ ಥಟ್ಟನೆ ಕಣ್ಣಿಗೆ ಬರುವುದು ಮಕ್ಕಳು. ಬೆಳವಣಿಗೆ ತಡವಾದದ್ದನ್ನು ಬೇಗ ಗುರುತಿಸುವುದು, ತಾಯಂದಿರ ಒತ್ತಡ ಅಳೆಯುವುದು, ಶಾಲೆಯಲ್ಲಿ ಕಲಿಸುವ ವಿಧಾನ. ಇವೆಲ್ಲ ಬೇಕಾದ ಕೆಲಸಗಳೇ. ಬೆಂಗಳೂರಿನ ನಗರ, ಕೊಳೆಗೇರಿ, ಗ್ರಾಮಾಂತರಗಳಲ್ಲಿ 16 ವರ್ಷದೊಳಗಿನ 2,064 ಮಕ್ಕಳ ಮಾನಸಿಕ ಆರೋಗ್ಯವನ್ನು ನೋಡಿ 2005ರಲ್ಲಿ ಪ್ರಕಟವಾದ ಅಧ್ಯಯನವನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಸರ್ಕಾರದ ಮಕ್ಕಳ ಆರೋಗ್ಯ ತಪಾಸಣಾ ಕಾರ್ಯಕ್ರಮವೂ 18ಕ್ಕೆ ನಿಲ್ಲುತ್ತದೆ. ಅದೇ ಮಗುವಿಗೆ ಇಪ್ಪತ್ತೆಂಟು, ಮೂವತ್ತೈದು, ಐವತ್ತು ಆದಾಗ ಅದರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂದು ಕೇಳುವ ಅಧ್ಯಯನಗಳು ಅಪರೂಪ.

ಲೆಕ್ಕವೂ ಎರಡು ಬೇರೆ ಪುಸ್ತಕಗಳಲ್ಲಿ ಹಂಚಿಹೋಗಿದೆ. 2011ರ ಜನಗಣತಿಯಲ್ಲಿ ದೇಶದ 2.68 ಕೋಟಿ ಅಂಗವಿಕಲರ ಪೈಕಿ ಬೌದ್ಧಿಕ ಅಂಗವೈಕಲ್ಯದ ಸಾಲಿನಲ್ಲಿ ಸುಮಾರು 15 ಲಕ್ಷ, ಮಾನಸಿಕ ಕಾಯಿಲೆಯ ಸಾಲಿನಲ್ಲಿ ಸುಮಾರು 7.2 ಲಕ್ಷ ಮಂದಿ. 2001ರಲ್ಲಿ ಎರಡನ್ನೂ ಒಂದೇ ಸಾಲಿಗೆ ತುಂಬಿದ್ದರು, ಬೇರ್ಪಡಿಸಿದ್ದು ಸರಿಯೇ. ಆದರೆ ಎರಡೂ ಇರುವವರು ಎಲ್ಲಿಗೆ ಹೋದರು? ‘ಬಹುವಿಧ ಅಂಗವೈಕಲ್ಯ’ ಎಂಬ ಚೀಲಕ್ಕೆ. ಅಲ್ಲಿ ಕಣ್ಣು, ಕಿವಿ, ಕಾಲಿನ ಜೊತೆಜೊತೆಗೆ ಸೇರಿಕೊಂಡು ಗುರುತು ಸಿಗದಂತಾದರು. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ವಯಸ್ಕರಲ್ಲಿ 10.6% ಜನರಿಗೆ ಸದ್ಯ ಮಾನಸಿಕ ಸಮಸ್ಯೆ ಇದೆ ಎಂದಿತು. ಬೌದ್ಧಿಕ ಅಂಗವೈಕಲ್ಯವನ್ನು ಗುರುತಿಸಲು ಅದರಲ್ಲಿ ಬೇರೆಯೇ ಪ್ರಶ್ನೆಗಳಿದ್ದವು. ಖಿನ್ನತೆ, ಆತಂಕಗಳನ್ನು ಪತ್ತೆಹಚ್ಚುವ ಸಂದರ್ಶನವಾದರೋ ಎದುರಿಗೆ ಕೂತವರು ತಮ್ಮ ಲಕ್ಷಣಗಳನ್ನು ತಾವೇ ವಿವರಿಸಿ ಹೇಳಬಲ್ಲರು ಎಂಬ ನಂಬಿಕೆಯ ಮೇಲೆ ನಿಂತದ್ದು. (ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಸಮೀಕ್ಷೆ ನಡೆಸಿದ ಸಂಸ್ಥೆಯ ಊರೇ ಪಟ್ಟಿಯಲ್ಲಿಲ್ಲದ್ದು ಒಂದು ತಮಾಷೆ.)

ಕಾನೂನಿನಲ್ಲೂ ಇದೇ ಗೋಡೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆಯನ್ನು ವ್ಯಾಖ್ಯಾನಿಸುವಾಗ ಬುದ್ಧಿಮಾಂದ್ಯತೆ ಅದರಲ್ಲಿ ಸೇರುವುದಿಲ್ಲ ಎಂದು ಬಿಡಿಸಿ ಹೇಳುತ್ತದೆ. ತರ್ಕ ಸರಿಯಾಗಿದೆ, ಬೌದ್ಧಿಕ ಅಂಗವೈಕಲ್ಯ ಕಾಯಿಲೆಯಲ್ಲ. ಆದರೆ ಅದಿರುವ ವ್ಯಕ್ತಿಗೆ ಖಿನ್ನತೆ ಬಂದರೆ ಅವರು ಕಾಯ್ದೆಯೊಳಗೆ ಬರುತ್ತಾರೆ ಎಂಬುದು ಕಚೇರಿಯ ಕಿಟಕಿಯಲ್ಲಿ ಕೂತವರಿಗೂ ಕೆಲವೊಮ್ಮೆ ಹೊಳೆಯುವುದಿಲ್ಲ. ಅಂಗವೈಕಲ್ಯ ಪ್ರಮಾಣಪತ್ರವಾದರೋ ಶೇಕಡಾ 50, 75, 90 ಎಂದು ಬರೆದು ಮುಗಿಸುತ್ತದೆ. ಸಂತೋಷವಾಗಿದ್ದಾರೋ ಇಲ್ಲವೋ ಎಂಬ ಪ್ರಶ್ನೆಗೆ ಆ ಕಾರ್ಡಿನಲ್ಲಿ ಜಾಗವಿಲ್ಲ.

‘ಇವನು ಯಾವಾಗ್ಲೂ ಹೀಗೇ ಸಾರ್’

ಯಶವಂತಪುರದ ಕಡೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಮೂವತ್ತೊಂದರ ಮಗ, ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್ ಇದೆ, ಬೌದ್ಧಿಕ ಅಂಗವೈಕಲ್ಯ ತರುವ ಸ್ಥಿತಿ ಅದು. ದಿನವೂ ಬೆಳಗ್ಗೆ ಅಪ್ಪನ ಸ್ಕೂಟರಿನಲ್ಲಿ ತರಬೇತಿ ಕೇಂದ್ರಕ್ಕೆ ಹೋಗುತ್ತಿದ್ದವನು. ಅಪ್ಪ ಹೃದಯಾಘಾತದಿಂದ ಹೋದರು. ‘ಅವನಿಗೇನು ಗೊತ್ತಾಗುತ್ತೆ, ಸುಮ್ನೆ ಹೆದರ್ಕೋತಾನೆ’ ಎಂದು ಸಂಬಂಧಿಕರು ಆ ದಿನ ಅವನನ್ನು ಚಿಕ್ಕಮ್ಮನ ಮನೆಗೆ ಕಳಿಸಿದರು. ಮೂರು ತಿಂಗಳಾದ ಮೇಲೆ ಅವನು ಕೇಂದ್ರಕ್ಕೆ ಹೋಗಲು ಒಪ್ಪುವುದಿಲ್ಲ, ಸ್ಕೂಟರ್ ಶಬ್ದ ಕೇಳಿದರೆ ಬಾಗಿಲಿಗೆ ಗುದ್ದುತ್ತಾನೆ, ಅರ್ಧ ಮುದ್ದೆ ಬಿಟ್ಟು ಏಳುತ್ತಾನೆ. ಆಸ್ಪತ್ರೆಯಲ್ಲಿ ಅಮ್ಮ ಹೇಳುವುದು: ‘ಹಠ ಜಾಸ್ತಿಯಾಗಿದೆ ಸಾರ್, ಹೊಡೀತಾನೆ.’ ಕೇಸ್ ಶೀಟಿನಲ್ಲಿ ಬರೆಯುವುದು: ಬೌದ್ಧಿಕ ಅಂಗವೈಕಲ್ಯ, ನಡವಳಿಕೆ ಸಮಸ್ಯೆ. ಔಷಧ ಶುರು.

ಇಲ್ಲಿ ಯಾರೂ ಕೆಟ್ಟವರಲ್ಲ. ಒಪಿಡಿಯಲ್ಲಿ ಸರತಿ ಉದ್ದ, ಅಮ್ಮನಿಗೂ ಗಂಡ ಹೋದ ದುಃಖ. ಆದರೆ ಬೇರೆ ಯಾವ ಮೂವತ್ತೊಂದರ ಗಂಡಸು ಅಪ್ಪ ಸತ್ತ ಮೂರು ತಿಂಗಳಿಗೆ ಊಟ ಬಿಟ್ಟು, ಕೆಲಸಕ್ಕೆ ಹೋಗದೆ ಕೂತರೂ ವೈದ್ಯರು ಮೊದಲು ಶೋಕ, ಖಿನ್ನತೆಯ ಬಗ್ಗೆ ಯೋಚಿಸುತ್ತಾರೆ. ಕಣ್ಣೆದುರಿನ ಅಂಗವೈಕಲ್ಯ ಅದರ ಹಿಂದಿನ ಕಾಯಿಲೆಯನ್ನು ಮುಚ್ಚಿಬಿಡುವ ಈ ಪ್ರವೃತ್ತಿಯನ್ನು ಅಮೆರಿಕದ ಸ್ಟೀವನ್ ರೈಸ್ ಮತ್ತು ಸಹೋದ್ಯೋಗಿಗಳು 1982ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಒಂದೇ ಲಕ್ಷಣಗಳ ವಿವರ ಕೊಟ್ಟು, ಬುದ್ಧಿಮಟ್ಟ ಕಡಿಮೆ ಎಂದು ಸೇರಿಸಿದರೆ ಸಾಕು, ಮನೋವಿಜ್ಞಾನಿಗಳ ಕಣ್ಣಿಗೆ ಮಾನಸಿಕ ಕಾಯಿಲೆ ಚಿಕ್ಕದಾಗಿ ಕಾಣುತ್ತಿತ್ತು. ಲಂಡನ್ನಿನ ಶೀಲಾ ಹಾಲಿನ್ಸ್ ಅವರ 1997ರ ಅಧ್ಯಯನ ಬೌದ್ಧಿಕ ಅಂಗವೈಕಲ್ಯ ಇದ್ದು ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ 50 ವಯಸ್ಕರನ್ನು, ಹಾಗೆ ಕಳೆದುಕೊಳ್ಳದ ಅಷ್ಟೇ ಜನರೊಂದಿಗೆ ಹೋಲಿಸಿತು. ಕಳೆದುಕೊಂಡವರಲ್ಲಿ ಮಾನಸಿಕ ತೊಂದರೆಗಳು ಹೆಚ್ಚಿದ್ದವು. ನೋಡಿಕೊಳ್ಳುವವರು ಮಾತ್ರ ಅದನ್ನು ಸಾವಿನ ಜೊತೆ ಸೇರಿಸಿ ನೋಡುತ್ತಿರಲಿಲ್ಲ.

ಮನಸ್ಸಿನದ್ದೇ ಆಗಬೇಕೆಂದೂ ಇಲ್ಲ. ಹಲ್ಲುನೋವು, ಮಲಬದ್ಧತೆ, ಕಿವಿಸೋಂಕು, ಮುಟ್ಟಿನ ನೋವು, ಡೌನ್ ಸಿಂಡ್ರೋಮ್‌ನಲ್ಲಿ ಸಾಮಾನ್ಯವಾದ ಥೈರಾಯ್ಡ್ ಏರುಪೇರು, ಇವೆಲ್ಲ ಸಿಟ್ಟಿನ ವೇಷದಲ್ಲಿ ಬರಬಲ್ಲವು. ಬೌದ್ಧಿಕ ಅಂಗವೈಕಲ್ಯ ಇರುವ ಸುಮಾರು ಐವರಲ್ಲಿ ಒಬ್ಬರಿಗೆ ಫಿಟ್ಸ್ ಕೂಡ ಇರುತ್ತದೆ. ಫಿಟ್ಸ್‌ಗೆ ಕೊಡುವ ಲೆವೆಟಿರಾಸಿಟಮ್ ಕೆಲವರಲ್ಲಿ ಕಿರಿಕಿರಿ, ಸಿಡುಕು ತರುತ್ತದೆ ಎಂಬುದು ನರರೋಗ ತಜ್ಞರಿಗೆಲ್ಲ ಗೊತ್ತು. ಆ ಸಿಡುಕಿಗೆ ಇನ್ನೊಂದು ಮಾತ್ರೆ. ಸೈಕೋಸಿಸ್ ವಿರೋಧಿ ಔಷಧಗಳ ಒಂದು ಅಡ್ಡಪರಿಣಾಮ ಎಂದರೆ ಕೂತಲ್ಲಿ ಕೂರಲಾಗದ ಒಳ ಚಡಪಡಿಕೆ. ಮಾತು ಬಲ್ಲವರು ‘ಮೈಯೆಲ್ಲಾ ಏನೋ ಒಂಥರಾ ಡಾಕ್ಟ್ರೇ, ನಿಲ್ಲಕ್ಕಾಗ್ತಿಲ್ಲ’ ಎನ್ನುತ್ತಾರೆ, ವೈದ್ಯರು ಡೋಸ್ ಇಳಿಸುತ್ತಾರೆ. ಹೇಳಲು ಬಾರದವರು ಎದ್ದು ಓಡಾಡುತ್ತಾರೆ, ಹಿಡಿದು ಕೂರಿಸಿದರೆ ತಳ್ಳುತ್ತಾರೆ. ಅದು ನಡವಳಿಕೆ ಬಿಗಡಾಯಿಸಿದಂತೆ ಕಂಡು ಡೋಸ್ ಏರುತ್ತದೆ. ಒಂದೇ ಮಾತ್ರೆ, ಒಂದೇ ಅಡ್ಡಪರಿಣಾಮ, ತೀರ್ಮಾನ ಮಾತ್ರ ಉಲ್ಟಾ. ಪ್ರಯೋಗಗಳಲ್ಲಿ ಈ ಜನರು ಇದ್ದಿದ್ದರೆ, ಮಾತಿಲ್ಲದವರಲ್ಲಿ ಈ ಚಡಪಡಿಕೆಯನ್ನು ಗುರುತಿಸುವ ಬಗೆ ಇಷ್ಟು ಹೊತ್ತಿಗೆ ಪಠ್ಯಪುಸ್ತಕದ ಮಾಮೂಲು ಪುಟವಾಗಿರುತ್ತಿತ್ತು.

ಇನ್ನೊಂದು ಕಾರಣವನ್ನು ಎತ್ತಲು ಯಾರಿಗೂ ಮನಸ್ಸಾಗುವುದಿಲ್ಲ. 2012ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ ಮಾನಸಿಕ ಅಥವಾ ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳು ಲೈಂಗಿಕ ಹಿಂಸೆಗೆ ಒಳಗಾಗುವ ಅಪಾಯ ಇತರ ಮಕ್ಕಳಿಗಿಂತ 4.6 ಪಟ್ಟು ಹೆಚ್ಚು. ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ವ್ಯಾನ್ ಹತ್ತಲು ಒಲ್ಲೆ ಎಂದರೆ ಅದನ್ನು ‘ಹಠ’ ಎಂದು ಬರೆಯುವ ಮುಂಚೆ ಈ ಅಂಕಿ ನೆನಪಿಗೆ ಬರಬೇಕು.

ಅಳತೆಗೋಲು ಯಾರದ್ದು

ಒಂದೇ ಗುಂಪಿನ ಜನರಲ್ಲಿ ಮಾನಸಿಕ ಕಾಯಿಲೆ ಎಷ್ಟಿದೆ ಎಂಬುದಕ್ಕೆ ಎಷ್ಟು ಉತ್ತರಗಳಿರಬಹುದು? ಗ್ಲಾಸ್ಗೋದಲ್ಲಿ ಸ್ಯಾಲಿ-ಆನ್ ಕೂಪರ್ ಅವರ ತಂಡ ಬೌದ್ಧಿಕ ಅಂಗವೈಕಲ್ಯ ಇರುವ 1,023 ವಯಸ್ಕರನ್ನು ಪರೀಕ್ಷಿಸಿ 2007ರಲ್ಲಿ ನಾಲ್ಕು ಉತ್ತರ ಕೊಟ್ಟಿತು. ಅನುಭವಿ ವೈದ್ಯರು ಕೂತು ನಿರ್ಧರಿಸಿದಾಗ 40.9%. ಈ ಜನರಿಗೆಂದೇ ಬ್ರಿಟನ್ನಿನ ಮನೋವೈದ್ಯರು ರೂಪಿಸಿದ ಮಾನದಂಡ ಬಳಸಿದರೆ 35.2%. ಎಲ್ಲರಿಗೂ ಬಳಸುವ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡಕ್ಕೆ ಇಳಿದರೆ 16.6%, ಅಮೆರಿಕದ ಮನೋವೈದ್ಯರ ಕೈಪಿಡಿಯ ಪ್ರಕಾರ 15.7%. ವ್ಯಕ್ತಿಗಳು ಅವರೇ, ಅವರ ಸಂಕಟವೂ ಅದೇ. ಮಾನದಂಡ ಬದಲಾಯಿಸಿದ್ದಕ್ಕೇ ಅರ್ಧಕ್ಕಿಂತ ಹೆಚ್ಚು ಜನ ಲೆಕ್ಕದಿಂದ ಮಾಯವಾದರು. ಸಾಮಾನ್ಯ ಸಮೀಕ್ಷೆಗಳಲ್ಲಿ ಬರುವ ಯಾವ ಸಂಖ್ಯೆಯನ್ನಾದರೂ ಈ ಹಿನ್ನೆಲೆಯಲ್ಲಿ ಓದಿಕೊಳ್ಳಬೇಕು.

ಯಾಕೆ ಹೀಗಾಗುತ್ತದೆ ಎಂಬುದಕ್ಕೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳವರೆಗೂ ಬಂದಿರುವ ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿಯನ್ನೇ ನೋಡಿ. ‘ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ?’ ಎಂದು ಕೇಳುತ್ತದೆ. ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ದಿನವೂ ಎಂಬ ನಾಲ್ಕು ಆಯ್ಕೆ. ಉತ್ತರಿಸಬೇಕಾದರೆ ಹದಿನಾಲ್ಕು ದಿನ ಎಷ್ಟೆಂಬ ಅಂದಾಜು ಬೇಕು, ಅದರ ಅರ್ಧ ತೆಗೆಯಬೇಕು, ಹಿಂದಿನ ದಿನಗಳನ್ನು ಒಂದೊಂದಾಗಿ ನೆನೆಯಬೇಕು. ದುಃಖವನ್ನು ಅಳೆಯುವ ಹೆಸರಿನಲ್ಲಿ ಲೆಕ್ಕದ ಪರೀಕ್ಷೆ ನಡೆಯುತ್ತದೆ. ಗೊತ್ತಾಗದಿದ್ದಾಗ, ಮುಂದೆ ಕೂತ ಡಾಕ್ಟರಿಗೆ ಬೇಸರವಾಗದಿರಲಿ ಎಂದು ‘ಹ್ಞೂಂ’ ಅನ್ನುವುದು ಸುಲಭ. ಅಮೆರಿಕದ ಕ್ಯಾರಲ್ ಸಿಗಲ್‌ಮನ್ 1981ರಲ್ಲೇ ಈ ‘ಹೌದು’ ಅನ್ನುವ ಒಲವನ್ನು ದಾಖಲಿಸಿದ್ದರು. ಒಂದಕ್ಕೊಂದು ವಿರುದ್ಧವಾದ ಎರಡು ಪ್ರಶ್ನೆಗೂ ಹೌದು ಎಂಬ ಉತ್ತರ ಬರುತ್ತಿತ್ತು. ಇದನ್ನೇ ಮುಂದಿಟ್ಟು ‘ಇವರ ಮಾತು ನಂಬಲಾಗದು’ ಎಂದವರೂ ಇದ್ದಾರೆ. ಕೇಳುವ ರೀತಿಯನ್ನು ತಿದ್ದಬೇಕು ಎಂದವರು ಬೇರೆ ದಾರಿ ಹುಡುಕಿದರು.

ಆ ದಾರಿಗಳೇನೂ ಬ್ರಹ್ಮವಿದ್ಯೆಯಲ್ಲ. ಗ್ಲಾಸ್ಗೋ ಖಿನ್ನತಾ ಮಾಪಕದಲ್ಲಿ ಚಿಕ್ಕ ಚಿಕ್ಕ 20 ಪ್ರಶ್ನೆಗಳಿವೆ, ಕಳೆದ ಒಂದು ವಾರದ ಬಗ್ಗೆ ಮಾತ್ರ. ಇಲ್ಲ, ಕೆಲವೊಮ್ಮೆ, ಯಾವಾಗಲೂ ಎಂಬ ಮೂರೇ ಉತ್ತರ, ಅದಕ್ಕೂ ಚಿತ್ರಗಳ ಆಸರೆ. ನೋಡಿಕೊಳ್ಳುವವರಿಗೆ ಬೇರೆ 16 ಪ್ರಶ್ನೆ. ಮ್ಯಾಂಚೆಸ್ಟರಿನಲ್ಲಿ ರೂಪುಗೊಂಡ ಪಾಸ್-ಆಡ್ ಸಂದರ್ಶನದಲ್ಲಿ ಮೊದಲು ಆ ವ್ಯಕ್ತಿಗೆ ಚೆನ್ನಾಗಿ ನೆನಪಿರುವ ಒಂದು ಘಟನೆಯನ್ನು ಗೊತ್ತುಮಾಡಿಕೊಂಡು, ‘ಅದಾದ ಮೇಲೆ’ ಎಂದು ಪ್ರಶ್ನೆಗಳನ್ನು ಕಟ್ಟುತ್ತಾರೆ. ಬೆಂಗಳೂರಿನಲ್ಲಿ ಇದಕ್ಕೇನು ಬರ? ‘ಬೀದೀಲಿ ಅಣ್ಣಮ್ಮನ್ನ ಕೂರಿಸಿದ್ರಲ್ಲ, ಆರ್ಕೆಸ್ಟ್ರಾ ಇತ್ತಲ್ಲ, ಅದಾದ್ಮೇಲೆ ರಾತ್ರಿ ನಿದ್ದೆ ಬರ್ತಿದೆಯಾ?’ ಎಂದು ಕೇಳಬಹುದು. ಬಸವನಗುಡಿಯ ಕಡೆಯವರಿಗೆ ಕಡಲೆಕಾಯಿ ಪರಿಷೆ, ಇನ್ನೊಬ್ಬರಿಗೆ ತಂಗಿಯ ಮದುವೆ. ಎರಡು ವಾರ ಎಂದರೆ ಗೊತ್ತಾಗದವರಿಗೂ ಪರಿಷೆಯಲ್ಲಿ ತಿಂದ ಕಡಲೆಕಾಯಿ ನೆನಪಿರುತ್ತದೆ.

ಕನ್ನಡದಲ್ಲಿ ಬುದ್ಧಿ ಅಳೆಯುವ ಸಾಧನಕ್ಕೆ ದೊಡ್ಡ ಇತಿಹಾಸವಿದೆ. ಧಾರವಾಡದ ಕಡೆ ಕೆಲಸ ಮಾಡಿದ ಕಾಮತರು 1930ರ ದಶಕದಲ್ಲೇ ಬಿನೆ ಪರೀಕ್ಷೆಯನ್ನು ಕನ್ನಡ, ಮರಾಠಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಚಾಲ್ತಿಯಲ್ಲಿದೆ. ಮನಸ್ಸಿನ ನೋವನ್ನು ಇವರಿಂದಲೇ ಕೇಳಿ ತಿಳಿಯುವ ಸಾಧನಕ್ಕೆ ಆ ಮಟ್ಟದ ಬಳಕೆ, ಪರಿಚಯ ಎರಡೂ ಬಂದಿಲ್ಲ. ಬೆಂಗಳೂರಿನಲ್ಲಿ ಅದು ಕನ್ನಡದಲ್ಲಿ ಮಾತ್ರ ಇದ್ದರೂ ಸಾಲದು. ಮನೆಯಲ್ಲಿ ತೆಲುಗು ಅಥವಾ ದಖನಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್, ಥೆರಪಿಸ್ಟ್ ಆಡುವುದು ಹಿಂದಿ, ಬೀದಿಯಲ್ಲಿ ಕನ್ನಡ ಎಂಬ ಸ್ಥಿತಿಯಲ್ಲಿ ಬೆಳೆದವರಿಗೆ ಹೊಟ್ಟೆಯೊಳಗಿನ ಸಂಕಟ ಯಾವ ಭಾಷೆಯಲ್ಲಿ ಬಾಯಿಗೆ ಬರುತ್ತದೆ ಎಂದು ಮೊದಲು ವಿಚಾರಿಸಬೇಕು. ಸಾಮಾನ್ಯವಾಗಿ ಅದು ಅಜ್ಜಿಯ ಭಾಷೆ.

ಮಾತೇ ಇಲ್ಲದವರ ವಿಷಯದಲ್ಲಿ ಬೇರೆಯವರ ಮಾತನ್ನು ಆಶ್ರಯಿಸದೆ ವಿಧಿಯಿಲ್ಲ. ಆಗಲೂ ಅಮ್ಮನೊಬ್ಬರನ್ನೇ ಕೇಳಿದರೆ ಅಮ್ಮನಿಗೆ ತೊಂದರೆ ಕೊಡುವ ಲಕ್ಷಣಗಳು ಮೇಲೆ ಬರುತ್ತವೆ. ಕೂಗಾಟ ದಾಖಲಾಗುತ್ತದೆ, ಮೂಲೆಯಲ್ಲಿ ಸುಮ್ಮನೆ ಕೂತದ್ದು ದಾಖಲಾಗುವುದಿಲ್ಲ. ಸುಮ್ಮನಿದ್ದರೆ ‘ಒಳ್ಳೆ ಮಗು’. ಕೇಂದ್ರದ ವಿಶೇಷ ಶಿಕ್ಷಕಿ, ವ್ಯಾನಿನ ಡ್ರೈವರ್, ಅಕ್ಕ, ಎಲ್ಲರನ್ನೂ ಕೇಳಿ, ಅವರ ಉತ್ತರಗಳು ಎಲ್ಲಿ ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬುದನ್ನೂ ದಾಖಲಿಸಬೇಕು. ನಿದ್ದೆ, ತೂಕ, ಇಷ್ಟದ ಹಾಡಿಗೆ ತಲೆ ಎತ್ತುವುದು ನಿಂತಿದೆಯೇ ಎಂಬಂಥ ಕಣ್ಣಿಗೆ ಕಾಣುವ ಸಂಗತಿಗಳನ್ನು ವಾರಗಟ್ಟಲೆ ಬರೆದಿಡಬೇಕು. ಶ್ರಮದ ಕೆಲಸ, ದುಬಾರಿಯೂ ಹೌದು.

ಸಹಿ ಹಾಕುವವರು

ಸಂಶೋಧಕರ ಭಯಕ್ಕೆ ಇತಿಹಾಸದ ಕಾರಣವಿದೆ. ನ್ಯೂಯಾರ್ಕಿನ ವಿಲ್ಲೋಬ್ರೂಕ್ ಎಂಬ ವಸತಿ ಶಾಲೆಯಲ್ಲಿ 1950ರ ದಶಕದಿಂದ 70ರ ದಶಕದ ಆರಂಭದವರೆಗೆ ಬೌದ್ಧಿಕ ಅಂಗವೈಕಲ್ಯ ಇದ್ದ ಮಕ್ಕಳಿಗೆ ಬೇಕೆಂದೇ ಹೆಪಟೈಟಿಸ್ ಸೋಂಕು ತಗುಲಿಸಿ ಅಧ್ಯಯನ ಮಾಡಿದರು. ಪೋಷಕರ ಸಹಿ ಇತ್ತು. ಶಾಲೆಯಲ್ಲಿ ಸೀಟು ಸಿಗದೆ ಕಾಯುತ್ತಿದ್ದವರಿಗೆ ಆ ವಾರ್ಡಿನ ಮೂಲಕ ಪ್ರವೇಶ ಸಿಗುತ್ತಿತ್ತು ಎಂಬುದು ಸಹಿಯ ಹಿಂದಿನ ಕಥೆ. ಅಂಥದ್ದು ಮತ್ತೆ ನಡೆಯಬಾರದೆಂದು ಬಂದ ನಿಯಮಗಳು ಕ್ರಮೇಣ ‘ಇವರ ತಂಟೆಯೇ ಬೇಡ’ ಎಂಬ ಅಭ್ಯಾಸವಾಗಿ ಗಟ್ಟಿಯಾದವು.

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೂ ಸೂಕ್ಷ್ಮವಾದ ದಾರಿ ತೋರಿಸಿದೆ. ಅದರ 6ನೇ ಕಲಮಿನ ಪ್ರಕಾರ ಅಂಗವಿಕಲರನ್ನು ಸಂಶೋಧನೆಗೆ ಒಳಪಡಿಸಬೇಕಾದರೆ ಅವರಿಗೆ ಅರ್ಥವಾಗುವ ವಿಧಾನದಲ್ಲಿ ತಿಳಿಸಿ ಪಡೆದ, ಅವರದ್ದೇ ಮುಕ್ತ ಸಮ್ಮತಿ ಬೇಕು. ಜೊತೆಗೆ ಸರ್ಕಾರ ರಚಿಸಿದ ಅಂಗವೈಕಲ್ಯ ಸಂಶೋಧನಾ ಸಮಿತಿಯ ಅನುಮತಿ ಬೇಕು, ಆ ಸಮಿತಿಯ ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಅಂಗವಿಕಲರು ಅಥವಾ ಅವರ ನೋಂದಾಯಿತ ಸಂಘಟನೆಗಳವರು ಇರಬೇಕು. ಆದರೆ ಆ ಸದಸ್ಯರಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರೇ ಕೂರುವುದನ್ನು ನಾವು ಕಲ್ಪಿಸಿಕೊಂಡಿದ್ದೇವೆಯೇ ಎಂಬುದು ಬೇರೆ ಮಾತು.

ವಾಸ್ತವದಲ್ಲಿ ತೊಡಕು ಇಲ್ಲಿ ಶುರುವಾಗುತ್ತದೆ. 18 ತುಂಬಿದ ಮೇಲೆ ಮಗನ ಪರವಾಗಿ ಸಹಿ ಹಾಕುವ ಹಕ್ಕು ಅಪ್ಪ ಅಮ್ಮನಿಗೆ ತಾನಾಗಿ ಮುಂದುವರಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಯ ನೇತೃತ್ವದ ಸ್ಥಳೀಯ ಸಮಿತಿಯಿಂದ ಪಾಲಕತ್ವ ಪಡೆಯಬೇಕು. ಎಷ್ಟೋ ಕುಟುಂಬಗಳು ಬ್ಯಾಂಕ್ ಖಾತೆಯೋ ಆಸ್ತಿ ವಿಚಾರವೋ ಎದುರಾಗುವವರೆಗೆ ಅತ್ತ ತಲೆ ಹಾಕುವುದಿಲ್ಲ. ಇಪ್ಪತ್ತೈದರ ಯುವತಿಗೆ ಸಮ್ಮತಿ ಕೊಡುವ ಸಾಮರ್ಥ್ಯ ಇದೆಯೋ ಇಲ್ಲವೋ ಎಂದು ಪರೀಕ್ಷಿಸಿದವರಿಲ್ಲ, ಅಮ್ಮನ ಬಳಿ ಕಾಗದವಿಲ್ಲ, ನೈತಿಕ ಸಮಿತಿ ಸ್ಪಷ್ಟೀಕರಣ ಕೇಳುತ್ತದೆ. ಮೂರು ವರ್ಷದ ಪಿಎಚ್‌ಡಿ ಗಡುವು ಹೊತ್ತ ವಿದ್ಯಾರ್ಥಿಗೆ ಸುಲಭದ ಉಪಾಯ ಒಂದೇ, ಅಂಥವರನ್ನು ಕೈಬಿಟ್ಟು ಮುಂದುವರಿಯುವುದು.

ಸಾಮರ್ಥ್ಯ ಎಲ್ಲದಕ್ಕೂ ಒಂದೇ ಅಳತೆಯದ್ದಲ್ಲ. ಹೊಸ ಔಷಧದ ಅಪಾಯ ತೂಗಲಾಗದವರೂ ‘ವಾರಕ್ಕೊಂದು ಸಲ ಈ ಅಕ್ಕ ಬಂದು ಮಾತಾಡಿಸಲಾ?’ ಎಂಬುದಕ್ಕೆ ಹೌದು, ಬೇಡ ಹೇಳಬಲ್ಲರು. ಚಿತ್ರ, ವಿಡಿಯೊ ತೋರಿಸಿ, ಎರಡು ದಿನ ಬಿಟ್ಟು ಮತ್ತೆ ಕೇಳಿ, ಅವರದ್ದೇ ಮಾತಿನಲ್ಲಿ ಹೇಳಿಸಿದರೆ ಅರ್ಥವಾಗಿದೆಯೋ ಇಲ್ಲವೋ ತಿಳಿಯುತ್ತದೆ. ಮುಖ ತಿರುಗಿಸಿದರೆ, ಎದ್ದು ಹೋದರೆ ಅದೂ ‘ಬೇಡ’ವೇ. ಅಮ್ಮ ಎಷ್ಟೇ ಸಹಿ ಹಾಕಿದ್ದರೂ ಅಲ್ಲಿಗೆ ನಿಲ್ಲಿಸಬೇಕು. ನನ್ನ ಅಭಿಪ್ರಾಯದಲ್ಲಿ ನೈತಿಕ ಸಮಿತಿಗಳ ಅರ್ಜಿಯಲ್ಲಿ ಒಂದು ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಅರ್ಧ ಕೆಲಸವಾಗುತ್ತದೆ: ಇವರನ್ನು ಯಾಕೆ ಸೇರಿಸುತ್ತೀರಿ ಎನ್ನುವ ಬದಲು, ಯಾಕೆ ಬಿಡುತ್ತೀರಿ ಎಂದು.

ಎಲ್ಲಿಂದ ಶುರುಮಾಡಬಹುದು

ಮಾತಿನ ಚಿಕಿತ್ಸೆ ಇವರಿಗೆ ಹಿಡಿಸುವುದಿಲ್ಲ ಎಂಬ ನಂಬಿಕೆಯನ್ನು ಸ್ಕಾಟ್ಲೆಂಡ್, ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ನಡೆದ ‘ಬೀಟ್‌ಇಟ್’ ಪ್ರಯೋಗ ಅಲುಗಾಡಿಸಿತು. 2017ರಲ್ಲಿ ಪ್ರಕಟವಾದ ಅದರಲ್ಲಿ ಖಿನ್ನತೆ ಇದ್ದ 161 ಮಂದಿ ಪಾಲ್ಗೊಂಡರು. ಒಂದು ಗುಂಪಿಗೆ ಇಷ್ಟದ ಚಟುವಟಿಕೆಗಳನ್ನು ಮತ್ತೆ ದಿನಚರಿಗೆ ತರುವ ಚಿಕಿತ್ಸೆ, ಇನ್ನೊಂದಕ್ಕೆ ಸುಲಭ ಪುಸ್ತಿಕೆಗಳನ್ನು ಜೊತೆಯಲ್ಲಿ ಕೂತು ಓದಿಸುವ ನೆರವು. ಎರಡೂ ಗುಂಪಿನ ಖಿನ್ನತೆ ಇಳಿಯಿತು, ಒಂದು ಇನ್ನೊಂದಕ್ಕಿಂತ ಮೇಲು ಎಂದು ಸಾಬೀತಾಗಲಿಲ್ಲ. ನಮಗೆ ಬೇಕಾದ ಪಾಠ ಬೇರೆ: ಇಂಥ ಪ್ರಯೋಗ ನಡೆಸಬಹುದು, ಇವರು ಬರುತ್ತಾರೆ, ಕೊನೆಯವರೆಗೂ ಇರುತ್ತಾರೆ. ಪುಸ್ತಿಕೆ ಓದಿಸುವ ಕೆಲಸವನ್ನು ನಮ್ಮ ವಿಶೇಷ ಶಿಕ್ಷಕಿಯರು ತಜ್ಞರಿಗಿಂತ ಚೆನ್ನಾಗಿ ಮಾಡಿಯಾರು.

ಬೆಂಗಳೂರಿನಲ್ಲಿ ನಾನು ಮೊದಲು ನೋಡಬಯಸುವುದು ಮಾತ್ರೆ ಇಳಿಸುವ ಅಧ್ಯಯನ. ನಗರದ ವಯಸ್ಕರ ತರಬೇತಿ ಕೇಂದ್ರಗಳಲ್ಲಿ ಯಾರು ಯಾವ ಔಷಧವನ್ನು ಎಷ್ಟು ವರ್ಷದಿಂದ, ಯಾವ ಕಾರಣಕ್ಕೆ ತೆಗೆದುಕೊಳ್ಳುತ್ತಿದ್ದಾರೆ ಎಂಬ ಸರಳ ಪಟ್ಟಿಯೇ ಮೊದಲ ಹೆಜ್ಜೆ. ಆಮೇಲೆ ವೈದ್ಯರ ನಿಗಾದಲ್ಲಿ, ತಿಂಗಳುಗಟ್ಟಲೆ ನಿಧಾನಕ್ಕೆ ಡೋಸ್ ಇಳಿಸುತ್ತಾ, ಬೇಕಾದಾಗ ಮತ್ತೆ ಏರಿಸುತ್ತಾ ಏನಾಗುತ್ತದೆಂದು ನೋಡುವುದು. (ಇದನ್ನು ಓದಿ ಮನೆಯಲ್ಲಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು. ಇದ್ದಕ್ಕಿದ್ದಂತೆ ಬಿಟ್ಟರೆ ಅಪಾಯವಿದೆ, ಫಿಟ್ಸ್ ಮಾತ್ರೆಯಂತೂ ಬಿಡಲೇಬಾರದು.) ಫಲಿತಾಂಶವನ್ನು ಕೂಗಾಟ ಎಷ್ಟು ಕಡಿಮೆಯಾಯಿತು ಎಂಬುದರಲ್ಲಿ ಮಾತ್ರ ಅಳೆದರೆ ಮತ್ತೆ ಅಮ್ಮನ ಪಟ್ಟಿಯೇ ಆಯಿತು. ಒಬ್ಬನೇ ಬಿಎಂಟಿಸಿ ಬಸ್ ಹತ್ತಿ ಕೆಲಸಕ್ಕೆ ಹೋಗುವುದು, ಗೆಳೆಯನ ಮನೆಗೆ ಫೋನ್ ಮಾಡುವುದು, ಮಧ್ಯಾಹ್ನ ತೂಕಡಿಸದೆ ಇರುವುದು, ಇವೂ ಪಟ್ಟಿಯಲ್ಲಿರಬೇಕು. ಪಟ್ಟಿ ತಯಾರಿಸುವ ಮೇಜಿನ ಸುತ್ತ ಅವರಲ್ಲೇ ನಾಲ್ಕಾರು ಮಂದಿ, ಇತರ ಸಲಹೆಗಾರರಿಗೆ ಕೊಡುವಷ್ಟೇ ಸಂಭಾವನೆ ಪಡೆದು ಕೂತಿರಬೇಕು.

ಹಳ್ಳಿಗಳ ಕಡೆಯ ಜಾಲ ಆಗಲೇ ಇದೆ. ಗ್ರಾಮ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯೂಗಳಿಗೆ ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಬಾಯಿಪಾಠ. ಅವರ ನಮೂನೆಯಲ್ಲಿ ಪಿಂಚಣಿ, ಪ್ರಮಾಣಪತ್ರಗಳ ಜೊತೆಗೆ ನಿದ್ದೆ, ಊಟ, ಇತ್ತೀಚೆಗೆ ಮನೆಯಲ್ಲಿ ಆದ ಸಾವು ಎಂಬ ಮೂರು ಪ್ರಶ್ನೆ ಸೇರಿಸಲು ಹೊಸ ಇಲಾಖೆ ಬೇಕಿಲ್ಲ. 14416ಕ್ಕೆ ಕರೆ ಮಾಡಿದರೆ ಸಿಗುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೂ ರಾಷ್ಟ್ರಮಟ್ಟದ ಕೇಂದ್ರ ನಿಮ್ಹಾನ್ಸೇ. ಕರೆ ಮಾಡಿದವರ ಮನೆಯಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರಿದ್ದಾರೆಯೇ ಎಂಬ ಒಂದು ಪ್ರಶ್ನೆಯಿಂದ ಎಷ್ಟೋ ವಿಷಯ ತಿಳಿಯಬಹುದು.

ಇದಕ್ಕೆಲ್ಲ ಕಾಲದ ಒತ್ತಡವೊಂದಿದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ಕ್ರೋಮೋಸೋಮ್ ಮೂರಿರುತ್ತವೆ. ಆಲ್ಜೈಮರ್ ಕಾಯಿಲೆಗೆ ಸಂಬಂಧಿಸಿದ ಪ್ರೋಟೀನಿನ ಜೀನ್ ಇರುವುದು ಅದರ ಮೇಲೆಯೇ. ಹಾಗಾಗಿ ನಲವತ್ತರ ಹೊತ್ತಿಗೆ ಮೆದುಳಿನಲ್ಲಿ ಆ ಕಾಯಿಲೆಯ ಗುರುತುಗಳು ಕಾಣಿಸಿಕೊಳ್ಳುತ್ತವೆ. ಮೊದಲೆಲ್ಲ ಹೃದಯದ ತೊಂದರೆಯಿಂದ ಬಾಲ್ಯದಲ್ಲೇ ಹೋಗಿಬಿಡುತ್ತಿದ್ದವರು ಈಗ ಶಸ್ತ್ರಚಿಕಿತ್ಸೆಯಿಂದ ಉಳಿದು ಆ ವಯಸ್ಸು ದಾಟುತ್ತಿದ್ದಾರೆ. ಮಗಳು ಹಲ್ಲುಜ್ಜುವುದನ್ನು ಮರೆತರೆ ಅದು ಮರೆವಿನ ಕಾಯಿಲೆಯೋ, ಖಿನ್ನತೆಯೋ, ಥೈರಾಯ್ಡೋ? ಅವಳು ಮೊದಲು ಏನೇನು ಮಾಡುತ್ತಿದ್ದಳು ಎಂದು ಗೊತ್ತಿದ್ದರೆ ಮಾತ್ರ ಹೇಳಬಹುದು. ಅದಕ್ಕೇ ಮೂವತ್ತರ ಆಸುಪಾಸಿನಲ್ಲಿ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿ ಬರೆದಿಡಿ ಎಂದು ಬ್ರಿಟನ್ನಿನ ತಜ್ಞರು ಸಲಹೆ ಮಾಡುತ್ತಾರೆ.

ನಮ್ಮಲ್ಲಿ ಆ ದಾಖಲೆ ಇರುವುದು ಅಮ್ಮನ ತಲೆಯಲ್ಲಿ. ಮಗಳು ಚಿಕ್ಕವಳಿದ್ದಾಗ ಯಾವ ಹಾಡಿಗೆ ನಗುತ್ತಿದ್ದಳು, ಯಾವ ಮಾತ್ರೆಗೆ ಮೈಯೆಲ್ಲ ನಡುಗಿತು, ಯಾವ ವರ್ಷ ಮೂರು ತಿಂಗಳು ಮಂಕಾಗಿ ಕೂತಿದ್ದಳು ಎಂಬುದೆಲ್ಲ ಎಪ್ಪತ್ತು ದಾಟಿದ ಆ ಒಬ್ಬ ಹೆಂಗಸಿಗೆ ಗೊತ್ತು. ಅವರು ಇಲ್ಲವಾದ ದಿನ ಮಗಳು ಅಣ್ಣನ ಮನೆಗೋ ನಗರದಾಚೆಯ ವಸತಿ ಕೇಂದ್ರಕ್ಕೋ ಹೋಗುತ್ತಾಳೆ. ವಸತಿ ಕೇಂದ್ರವಾದರೆ ನೋಡಿಕೊಳ್ಳುವ ಆಯಾ ವರ್ಷ ತುಂಬುವುದರೊಳಗೆ ಬದಲಾಗಿರಬಹುದು. ಬೇರೆಯವರ ಮಾತನ್ನು ನಂಬಿದ ಸಂಶೋಧನೆಗೂ ಚಿಕಿತ್ಸೆಗೂ ಆಮೇಲೆ ಕೇಳಲು ಯಾರೂ ಇರುವುದಿಲ್ಲ. ಪೋಷಕರ ಸಂಘಗಳೂ ಮನೋವೈದ್ಯ ವಿಭಾಗಗಳೂ ಸೇರಿ ಈ ಅಮ್ಮಂದಿರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಮಗ ಅಥವಾ ಮಗಳನ್ನು ಪಕ್ಕದಲ್ಲೇ ಇಟ್ಟುಕೊಂಡು, ನಿದ್ದೆಯಿಂದ ಹಿಡಿದು ಹಳೆಯ ಚೀಟಿಗಳವರೆಗೆ ಒಂದು ಪುಸ್ತಕದಲ್ಲಿ ಬರೆಸಲು ದೊಡ್ಡ ಅನುದಾನವೇನೂ ಬೇಡ. ವಾರಕ್ಕೊಂದು ಶನಿವಾರ, ಎರಡು ಕುರ್ಚಿ ಹೆಚ್ಚಿಗೆ ಇರುವ ಒಂದು ಕೋಣೆ, ಮನೆಯ ಭಾಷೆ ಬಲ್ಲ ಒಬ್ಬ ಸೋಷಿಯಲ್ ವರ್ಕರ್ ಇದ್ದರೆ ಈ ವರ್ಷವೇ ಶುರುಮಾಡಬಹುದು.